ಬಂದವರು ನಿಲ್ಲಬೇಕಲ್ಲ!

ಹೊಸ ಹೊಸ ಸಾಮಾಜಿಕ ಜಾಲತಾಣಗಳು ಹುಟ್ಟುತ್ತವೆ, ಕೋಟಿಗಟ್ಟಲೆ ಜನರನ್ನು ಸೆಳೆಯುತ್ತವೆ, ಕೆಲವು ಮಾಯವಾಗುತ್ತವೆ. ಉಳಿದವು ನಮ್ಮ ಮಕ್ಕಳ ಸಂಜೆಗಳನ್ನೇ ನುಂಗುತ್ತವೆ. ಇದರ ಹಿಂದಿರುವ ಲೆಕ್ಕವೇನು? ವಿಜ್ಞಾನವೇನು?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಬೆಳಿಗ್ಗೆ ಹೊತ್ತು ಹೋಗಿ ನಿಂತರೆ ಸಂತೆಯೊಂದರ ಗುಟ್ಟು ಕಣ್ಣಿಗೆ ಬೀಳುತ್ತದೆ. ಕನಕಪುರ, ಚನ್ನಪಟ್ಟಣ, ಮಾಗಡಿ ಕಡೆಯ ರೈತರಷ್ಟೇ ಅಲ್ಲ, ದೂರದ ಜಿಲ್ಲೆಗಳ ರೈತರೂ ಗೂಡಿನ ಚೀಲಗಳನ್ನು ಹೊತ್ತು ಇಲ್ಲಿಗೆ ಬರುತ್ತಾರೆ. ಇಷ್ಟು ದೂರ ಬಂದದ್ದೇಕೆ ಎಂದರೆ, ಕೊಳ್ಳುವ ರೀಲರುಗಳು ಇಲ್ಲಿ ಹೆಚ್ಚು, ಪೈಪೋಟಿ ಇದ್ದರೆ ದರ ಸಿಗುತ್ತದೆ. ರೀಲರುಗಳು ಇಲ್ಲಿಗೇ ಬರುವುದೇಕೆ? ಗೂಡು ಇಲ್ಲಿ ಹೆಚ್ಚು, ಆರಿಸಿಕೊಳ್ಳಬಹುದು. ಅವರಿಗಾಗಿ ಇವರು, ಇವರಿಗಾಗಿ ಅವರು!

ಈಗ ಒಂದು ಕಲ್ಪನೆ ಮಾಡಿಕೊಳ್ಳೋಣ. ಯಾರೋ ಒಬ್ಬರು ಪಕ್ಕದ ಊರಿನಲ್ಲಿ ಇದಕ್ಕಿಂತ ದೊಡ್ಡದಾದ, ಇದಕ್ಕಿಂತ ಚೊಕ್ಕಟವಾದ ಹೊಸ ಮಾರುಕಟ್ಟೆ ಕಟ್ಟಿಸಿದರು. ನೆರಳಿದೆ, ನೀರಿದೆ, ತಕ್ಕಡಿ ಹೊಸದು. ಮೊದಲ ದಿನ ಕುತೂಹಲಕ್ಕೆ ಒಂದಷ್ಟು ರೈತರು ಬಂದರು. ಕೊಳ್ಳುವವರು ನಾಲ್ಕೇ ಮಂದಿ. ಗೂಡನ್ನು ಹಾಗೇ ಇಟ್ಟುಕೊಂಡು ಕೂರುವಂತಿಲ್ಲ. ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಮುಂದಿನ ಬೆಳೆಗೆ ಆ ರೈತರು ಮತ್ತೆ ರಾಮನಗರದ ಬಸ್ಸನ್ನೇ ಹತ್ತುತ್ತಾರೆ. ಹೊಸ ಮಾರುಕಟ್ಟೆಯ ಗೋಡೆಗಳು ಎಷ್ಟು ಚೆನ್ನಾಗಿದ್ದರೇನು?

ಮೊಬೈಲಿನೊಳಗಿನ ಹೊಸ ಸಾಮಾಜಿಕ ಜಾಲತಾಣಗಳ ಸಂಕಟವೂ ಇದೇ. ಜನರನ್ನು ಒಮ್ಮೆ ಕರೆತರುವುದು ಕಷ್ಟವಲ್ಲ. ಮರುದಿನವೂ ಬರುವಂತೆ ಮಾಡುವುದು ಕಷ್ಟ. ಆ ಉದ್ಯಮದವರು ಇದಕ್ಕೆ ಎರಡು ಮಾತು ಬಳಸುತ್ತಾರೆ. ಬಂದವರನ್ನು ಉಳಿಸಿಕೊಳ್ಳುವುದು ‘ರಿಟೆನ್ಷನ್’. ಉಳಿದವರನ್ನು ಹೆಚ್ಚು ಹೊತ್ತು ತೊಡಗಿಸಿಡುವುದು ‘ಎಂಗೇಜ್‌ಮೆಂಟ್’. ನಮ್ಮ ಮನೆಯ ಮಗನೋ ಮಗಳೋ ಪುಸ್ತಕ ಮುಚ್ಚಿಟ್ಟು ಮೊಬೈಲು ಹಿಡಿದು ಕೂತಾಗ ಅದರ ಹಿಂದೆ ಕೆಲಸ ಮಾಡುತ್ತಿರುವುದು ಈ ಎರಡು ಮಾತುಗಳೇ.

ಹಳದಿ ಹಕ್ಕಿಯ ಕಥೆ

ಇದನ್ನು ತಿಳಿಯಲು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಮಾತಾಡಿದ ‘ಕೂ’ ಎಂಬ ಜಾಲತಾಣದ ಕಥೆಯೇ ಸಾಕು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕಾ ಎಂಬ ಇಬ್ಬರು ಇದನ್ನು ಕಟ್ಟಿದರು. ಟ್ವಿಟರಿನಲ್ಲಿ ಇಂಗ್ಲಿಷಿನದೇ ದರ್ಬಾರು, ಭಾರತದ ಬಹುಪಾಲು ಜನ ತಮ್ಮ ಭಾಷೆಯಲ್ಲಿ ಮಾತಾಡುವವರು, ಅವರಿಗೊಂದು ಜಗಲಿ ಬೇಕು ಎಂಬುದು ಅವರ ಯೋಚನೆ. 2020ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದು ಬಹುಮಾನ ಪಡೆಯಿತು.

2021ರ ಫೆಬ್ರವರಿಯಲ್ಲಿ ರೈತ ಚಳವಳಿಯ ಸಂದರ್ಭ. ಕೆಲವು ಖಾತೆಗಳನ್ನು ತಡೆಹಿಡಿಯುವ ವಿಚಾರದಲ್ಲಿ ಸರ್ಕಾರಕ್ಕೂ ಟ್ವಿಟರಿಗೂ ಜಟಾಪಟಿ ನಡೆಯಿತು. ಕೇಂದ್ರದ ಮಂತ್ರಿಗಳು, ಇಲಾಖೆಗಳು ‘ಕೂ’ ಕಡೆ ಮುಖ ಮಾಡಿದರು. ಅವರ ಹಿಂದೆ ಲಕ್ಷಾಂತರ ಮಂದಿ ಬಂದರು. ಅದೇ ವರ್ಷ ಜೂನ್‌ನಲ್ಲಿ ನೈಜೀರಿಯಾ ದೇಶ ಟ್ವಿಟರನ್ನು ನಿಷೇಧಿಸಿದಾಗ ಅಲ್ಲಿನ ಸರ್ಕಾರವೂ ‘ಕೂ’ನಲ್ಲಿ ಖಾತೆ ತೆರೆಯಿತು. 2022ರ ಅಕ್ಟೋಬರ್ ಕೊನೆಯಲ್ಲಿ ಟ್ವಿಟರು ಇಲಾನ್ ಮಸ್ಕ್ ಕೈಸೇರಿದಾಗ ಬ್ರೆಜಿಲ್ ದೇಶದ ಜನ ಗುಂಪುಗುಂಪಾಗಿ ಈ ಹಳದಿ ಹಕ್ಕಿಯ ಬಳಿ ಬಂದರು. ಆ ನವೆಂಬರಿನ ಹೊತ್ತಿಗೆ ‘ಕೂ’ ಇಳಿಸಿಕೊಂಡವರ ಸಂಖ್ಯೆ 5 ಕೋಟಿ ದಾಟಿತ್ತು. ಬಂಡವಾಳ ಹೂಡುವವರು 6 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದಿದ್ದರು.

ಹೀಗಿದ್ದೂ 2024ರ ಜುಲೈ 3ರಂದು ‘ಕೂ’ ಬಾಗಿಲು ಮುಚ್ಚುವುದಾಗಿ ಸಂಸ್ಥಾಪಕರು ತಿಳಿಸಿದರು. ದೊಡ್ಡ ಸಂಸ್ಥೆಗಳ ಜೊತೆ ನಡೆದ ಕೈಜೋಡಿಸುವ ಮಾತುಕತೆ ಫಲಿಸಲಿಲ್ಲ. ಬಂಡವಾಳದ ಹೊಳೆ ಬತ್ತಿತು. ನಡೆಸುವ ಖರ್ಚು ದೊಡ್ಡದು. ವಿದಾಯದ ಪತ್ರದಲ್ಲಿ ಅವರು ಒಂದು ಅಂಕಿ ಅಂಶವನ್ನೂ ಕೊಟ್ಟರು. ಉತ್ತುಂಗದಲ್ಲಿದ್ದಾಗ ತಿಂಗಳಿಗೆ ಸುಮಾರು 1 ಕೋಟಿ ಜನ, ದಿನಕ್ಕೆ 21 ಲಕ್ಷ ಜನ ಬಳಸುತ್ತಿದ್ದರು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. 21 ಲಕ್ಷವನ್ನು 1 ಕೋಟಿಯಿಂದ ಭಾಗಿಸಿದರೆ ಶೇಕಡ 21. ಅಂದರೆ ತಿಂಗಳಲ್ಲಿ ಒಮ್ಮೆಯಾದರೂ ಬಂದ 100 ಮಂದಿಯಲ್ಲಿ ಯಾವುದಾದರೊಂದು ದಿನ ಎಣಿಸಿದರೆ ಸಿಗುತ್ತಿದ್ದವರು 21 ಮಂದಿ. ಫೇಸ್‌ಬುಕ್ಕಿನ ಲೆಕ್ಕ ನೋಡಿ. 2023ರ ಡಿಸೆಂಬರಿನಲ್ಲಿ ಅದರ ತಿಂಗಳ ಬಳಕೆದಾರರು 307 ಕೋಟಿ, ದಿನದ ಬಳಕೆದಾರರು 211 ಕೋಟಿ. 100ಕ್ಕೆ ಸುಮಾರು 69! ಒಂದು ಕಡೆ ಆಗಾಗ ಇಣುಕಿ ಹೋಗುವ ನೆಂಟರು, ಇನ್ನೊಂದು ಕಡೆ ಮನೆಯಲ್ಲೇ ಇರುವ ಒಕ್ಕಲು. ಎಷ್ಟು ಮಂದಿ ಇಳಿಸಿಕೊಂಡರು ಎಂಬ ಸಂಖ್ಯೆ ಪತ್ರಿಕೆಗಳ ತಲೆಬರಹಕ್ಕೆ ಬರುತ್ತದೆ. ಜಾಲತಾಣದ ಆಯುಸ್ಸನ್ನು ಹೇಳುವುದು ಈ ಎರಡನೆಯ ಲೆಕ್ಕ.

ಸೋರುವ ಕೊಡದ ಗಣಿತ

ತಳದಲ್ಲಿ ತೂತಿರುವ ಕೊಡಕ್ಕೆ ನಲ್ಲಿ ಬಿಟ್ಟಿದ್ದೇವೆ ಎಂದುಕೊಳ್ಳಿ. ಒಂದು ಹೊಸ ಜಾಲತಾಣಕ್ಕೆ ಪ್ರತಿ ತಿಂಗಳೂ 1000 ಹೊಸಬರು ಬರುತ್ತಾರೆ. ಇದ್ದವರಲ್ಲಿ ತಿಂಗಳಿಗೆ 100ಕ್ಕೆ 60 ಮಂದಿ ಉಳಿಯುತ್ತಾರೆ, 40 ಮಂದಿ ಬಿಟ್ಟುಹೋಗುತ್ತಾರೆ. ಮೊದಲ ತಿಂಗಳು 1000. ಎರಡನೆಯ ತಿಂಗಳು ಉಳಿದ 600 ಮತ್ತು ಹೊಸ 1000 ಸೇರಿ 1600. ಮೂರನೆಯ ತಿಂಗಳು 1960. ನಾಲ್ಕನೆಯ ತಿಂಗಳು 2176. ಏರಿಕೆ ಕುಗ್ಗುತ್ತಾ ಬಂತಲ್ಲವೆ? ಹೀಗೇ ಲೆಕ್ಕ ಮಾಡುತ್ತಾ ಹೋದರೆ ಅದು 2500ರ ಹತ್ತಿರ ಬಂದು ನಿಂತುಬಿಡುತ್ತದೆ. ಏಕೆಂದರೆ 2500ರ ಶೇಕಡ 40 ಎಂದರೆ 1000. ಬರುವವರೂ ಅಷ್ಟೇ, ಹೋಗುವವರೂ ಅಷ್ಟೇ. ವರ್ಷಗಟ್ಟಲೆ ನಲ್ಲಿ ಬಿಟ್ಟರೂ ನೀರಿನ ಮಟ್ಟ ಮೇಲೇರದು.

ಈಗ ತೂತನ್ನು ಸ್ವಲ್ಪ ಮುಚ್ಚೋಣ. 100ಕ್ಕೆ 80 ಮಂದಿ ಉಳಿದರೆ ಮಟ್ಟ 5000ಕ್ಕೆ ನಿಲ್ಲುತ್ತದೆ. 90 ಮಂದಿ ಉಳಿದರೆ 10,000! ನಲ್ಲಿಯ ನೀರು ಅಷ್ಟೇ ಇದೆ. ತೂತು ಚಿಕ್ಕದಾದಂತೆ ಕೊಡ ತುಂಬುತ್ತದೆ. ಜಾಹೀರಾತಿಗೆ ಹಣ ಸುರಿಯುವುದಕ್ಕಿಂತ ಬಂದವರನ್ನು ಹಿಡಿದಿಡುವ ಉಪಾಯ ಹುಡುಕುವುದೇ ಲಾಭ ಎಂದು ಈ ಕಂಪನಿಗಳು ಕಂಡುಕೊಂಡದ್ದು ಈ ಸರಳ ಗಣಿತದಿಂದಲೇ.

ಉದಾಹರಣೆಗಳು ಬೇಕಷ್ಟಿವೆ. ಗೂಗಲ್ಲಿನಂಥ ದೈತ್ಯ 2011ರಲ್ಲಿ ‘ಗೂಗಲ್ ಪ್ಲಸ್’ ತಂದಿತು. ಆದರೆ 2018ರಲ್ಲಿ ಕಂಪನಿಯೇ ಒಪ್ಪಿಕೊಂಡಂತೆ, ಅಲ್ಲಿಗೆ ಬರುತ್ತಿದ್ದ ಭೇಟಿಗಳಲ್ಲಿ ಶೇಕಡ 90ರಷ್ಟು 5 ಸೆಕೆಂಡಿಗೂ ಕಡಿಮೆ. ಬಾಗಿಲು ತಳ್ಳಿ, ಒಳಗೆ ಯಾರೂ ಇಲ್ಲವೆಂದು ತಿರುಗಿದಂತೆ. 2019ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಪಾಲಿಗೆ ಅದು ಮುಚ್ಚಿತು. 2023ರ ಜುಲೈನಲ್ಲಿ ಬಂದ ‘ಥ್ರೆಡ್ಸ್’ ಐದೇ ದಿನದಲ್ಲಿ 10 ಕೋಟಿ ಜನರನ್ನು ಕಂಡಿತು. ಇನ್‌ಸ್ಟಾಗ್ರಾಮಿನ ಖಾತೆಯಿಂದಲೇ ಒಳಗೆ ಬರಬಹುದಾಗಿತ್ತು. ಒಂದು ತಿಂಗಳೂ ಕಳೆಯುವ ಮೊದಲೇ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮರಳಿ ಬರುತ್ತಿಲ್ಲವೆಂದು ಅದರ ಒಡೆಯ ಮಾರ್ಕ್ ಜುಕರ್‌ಬರ್ಗ್ ತಮ್ಮ ಸಿಬ್ಬಂದಿಗೆ ತಿಳಿಸಿದರು. ಆದರೆ ಅವರ ಬಳಿ ಕಾಯುವಷ್ಟು ಹಣವಿತ್ತು, ಪಕ್ಕದಲ್ಲೇ ಇನ್‌ಸ್ಟಾಗ್ರಾಮ್ ಎಂಬ ತುಂಬಿದ ಕೆರೆಯಿತ್ತು. ತೂತುಗಳನ್ನು ಒಂದೊಂದಾಗಿ ಮುಚ್ಚುತ್ತಾ 2025ರ ಆಗಸ್ಟಿಗೆ ತಿಂಗಳಿಗೆ 40 ಕೋಟಿ ಬಳಕೆದಾರರನ್ನು ಮುಟ್ಟಿದರು. ‘ಕೂ’ಗೆ ಅಂಥ ಕೆರೆ ಇರಲಿಲ್ಲ.

ಮಾಗಡಿ ಸೀಮೆಯವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದಾಗ ಬರೀ ಮಣ್ಣಿನ ಕೋಟೆ ಕಟ್ಟಿ ಕೈಬಿಡಲಿಲ್ಲ. ಬಳೆಯವರಿಗೊಂದು ಪೇಟೆ, ಅಕ್ಕಿಯವರಿಗೊಂದು ಪೇಟೆ, ಹತ್ತಿಯವರಿಗೊಂದು ಪೇಟೆ, ಕುಡಿಯುವ ನೀರಿಗೆ ಕೆರೆ. ಕಸುಬಿನವನಿಗೆ ತನ್ನ ಗಿರಾಕಿ, ತನ್ನ ಜೊತೆಗಾರರು ಸಿಕ್ಕರೆ ಆತ ಊರು ಬಿಡುವುದಿಲ್ಲ. ಊರು ಕಟ್ಟುವುದು ಬೇರೆ, ಊರಿನಲ್ಲಿ ಜನ ನಿಲ್ಲಿಸುವುದು ಬೇರೆ.

ಅರ್ಧ ಹೋದರೆ ಉಳಿಯುವುದು ಕಾಲು

50 ಮಕ್ಕಳ ತರಗತಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಕುಲುಕಿದರೆ ಒಟ್ಟು ಎಷ್ಟು ಕೈಕುಲುಕು? 50ನ್ನು 49ರಿಂದ ಗುಣಿಸಿ 2ರಿಂದ ಭಾಗಿಸಬೇಕು. 1225. ಈಗ 25 ಮಕ್ಕಳು ಬೇರೆ ಶಾಲೆಗೆ ಹೋದರು. ಉಳಿದ 25 ಮಕ್ಕಳ ನಡುವೆ ಕೈಕುಲುಕುಗಳು 300 ಮಾತ್ರ. ಜನ ಅರ್ಧವಾದರೆ ಸಂಬಂಧಗಳು ಕಾಲು ಭಾಗಕ್ಕೆ ಇಳಿದವು! ದೂರವಾಣಿ, ಕಂಪ್ಯೂಟರ್ ಜಾಲಗಳ ವಿಚಾರದಲ್ಲಿ ಇದಕ್ಕೆ ಮೆಟ್‌ಕಾಫ್ ನಿಯಮ ಎನ್ನುವುದುಂಟು. ಜಾಲತಾಣಗಳು ಬೆಳೆಯುವಾಗ ಥಟ್ಟನೆ ಬೆಳೆಯುವುದೂ ಕುಸಿಯುವಾಗ ಥಟ್ಟನೆ ಕುಸಿಯುವುದೂ ಇದರಿಂದಲೇ. ಗೆಳೆಯ ಹೋದನೆಂದು ನಾನು, ನಾನು ಹೋದೆನೆಂದು ಇನ್ನೊಬ್ಬ.

ಇಂದಿನ ವಿದ್ಯಾರ್ಥಿಗಳ ತಂದೆ ತಾಯಿಯರಲ್ಲಿ ಕೆಲವರಿಗೆ ‘ಆರ್ಕುಟ್’ ನೆನಪಿರಬಹುದು. 2004ರ ಜನವರಿಯಲ್ಲಿ ಹುಟ್ಟಿ ಭಾರತದಲ್ಲೂ ಬ್ರೆಜಿಲಿನಲ್ಲೂ ಮನೆಮಾತಾಗಿದ್ದ ಅದು, ಗೆಳೆಯರೆಲ್ಲ ಫೇಸ್‌ಬುಕ್ಕಿಗೆ ವಲಸೆ ಹೋದ ಮೇಲೆ ಖಾಲಿಯಾಗಿ, 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಹೊಸ ಸ್ವದೇಶಿ ಆ್ಯಪ್‌ಗಳು ಅಣಬೆಯಂತೆ ಎದ್ದವು. ಬೆಂಗಳೂರಿನ ಶೇರ್‌ಚಾಟ್ ಕಂಪನಿ ‘ಮೋಜ್’ ತಂದಿತು. ಆದರೆ ಬಹುಪಾಲು ಮಂದಿ ಕೊನೆಗೆ ಸೇರಿದ್ದು ಇನ್‌ಸ್ಟಾಗ್ರಾಮ್ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್‌ಗೆ. ಅವರ ಪರಿಚಯದವರೆಲ್ಲ ಅಲ್ಲಿ ಮೊದಲೇ ಇದ್ದರು.

ಪಾರಿವಾಳ ಹೇಳಿದ ಪಾಠ

ಗೆಳೆಯರಿದ್ದ ಮಾತ್ರಕ್ಕೆ ಮನುಷ್ಯ ದಿನಕ್ಕೆ ಮೂವತ್ತು ಸಲ ಮೊಬೈಲು ತೆರೆಯಬೇಕೆ? ಇಲ್ಲಿ ಗಣಿತ ಮುಗಿದು ಜೀವವಿಜ್ಞಾನ ಆರಂಭವಾಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ನಡೆಸಿದರು. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಇಷ್ಟು ಸಲ ಕುಕ್ಕಿದರೆ ಕಾಳು ಎಂದು ನಿಗದಿಯಾಗಿದ್ದರೆ ಹಕ್ಕಿ ಕಾಳು ತಿಂದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಯಾವಾಗ ಬೀಳುತ್ತದೆಂದು ಗೊತ್ತಾಗದಂತೆ ಮಾಡಿದರೆ, ಒಮ್ಮೆ ಮೂರನೆಯ ಕುಕ್ಕಿಗೆ, ಒಮ್ಮೆ ಮೂವತ್ತನೆಯ ಕುಕ್ಕಿಗೆ, ಹಕ್ಕಿ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಕಾಳು ನಿಂತ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಜೂಜುಕೋರ ಇಸ್ಪೀಟಿನ ಎಲೆಗಳನ್ನು ಕೆಳಗಿಡದಿರುವುದೂ ಹೀಗೆಯೇ.

ಮುಂದೆ ವುಲ್ಫ್‌ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಬಿಡುಗಡೆ ಮಾಡುವ ನರಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಅವು ಚುರುಕಾದವು. ರಸಕ್ಕೆ ಮೊದಲು ದೀಪ ಹತ್ತುತ್ತದೆ ಎಂದು ಕೋತಿ ಕಲಿತ ಮೇಲೆ ದೀಪ ಕಂಡೊಡನೆ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬರದಿದ್ದರೆ ಮಂಕಾದವು. ಮಿದುಳಿನ ಈ ಕೋಶಗಳಿಗೆ ಸುಖಕ್ಕಿಂತ ಸುಖದ ಸೂಚನೆ ಮುಖ್ಯವಾಯಿತು! ಮೊಬೈಲಿನ ಮೂಲೆಯಲ್ಲಿ ಕೆಂಪು ಚುಕ್ಕೆ ಕಂಡಾಗ ಬೆರಳು ತಾನಾಗಿ ಅತ್ತ ಹೋಗುವುದು ಈ ದೀಪದ ಕಥೆಯೇ. ತೆರೆದರೆ ಒಮ್ಮೆ ಗೆಳತಿಯ ಮೆಚ್ಚುಗೆ, ಒಮ್ಮೆ ಬರೀ ಜಾಹೀರಾತು. ಯಾವಾಗ ಯಾವುದು ಎಂಬುದು ತಿಳಿಯದಿರುವುದೇ ಎಳೆಯುವ ದಾರ. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷ ಷಾನ್ ಪಾರ್ಕರ್ 2017ರಲ್ಲಿ, ಜನರ ಸಮಯ ಮತ್ತು ಗಮನವನ್ನು ಎಷ್ಟು ಸಾಧ್ಯವೋ ಅಷ್ಟು ಸೆಳೆಯುವುದೇ ತಮ್ಮ ಆಗಿನ ಯೋಚನೆಯಾಗಿತ್ತೆಂದು ಬಹಿರಂಗವಾಗಿ ಹೇಳಿದರು.

ರೇಷ್ಮೆಹುಳುವಿಗೂ ಜ್ವರವಿದೆ

ಹಿಪ್ಪುನೇರಳೆ ಸೊಪ್ಪು ತಿನ್ನುವ ರೇಷ್ಮೆಹುಳುವಿನಷ್ಟು ಹೊಟ್ಟೆಬಾಕ ಜೀವಿಯನ್ನು ನಮ್ಮ ಕಡೆಯ ಮಕ್ಕಳು ಬೇರೆ ನೋಡಿರಲಾರರು. ಅಂಥ ಹುಳುವೂ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲುಗದೆ ಇದ್ದು ಹಳೆಯ ಪೊರೆ ಕಳಚುತ್ತದೆ. ಆ ಬಿಡುವಿಲ್ಲದೆ ಅದು ಬೆಳೆಯಲಾರದು. ಚನ್ನಪಟ್ಟಣದ ಬುಗುರಿಯೂ ಹಾಗೆಯೇ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಆ ಬುಗುರಿ ತಿರುಗುತ್ತದೆ, ವಾಲುತ್ತದೆ, ಬೀಳುತ್ತದೆ. ಬಿದ್ದಾಗ ಮಗು ಒಂದು ಕ್ಷಣ ತಲೆ ಎತ್ತಿ, ಮತ್ತೆ ಆಡಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸುತ್ತದೆ.

ಪುಸ್ತಕಕ್ಕೆ ಅಧ್ಯಾಯದ ಕೊನೆಯಿದೆ, ಪತ್ರಿಕೆಗೆ ಕೊನೆಯ ಪುಟವಿದೆ. ಮೊಬೈಲಿನ ಪರದೆಗೆ ಮಾತ್ರ ಕೊನೆಯಿಲ್ಲ. ಬೆರಳಾಡಿಸಿದಂತೆಲ್ಲ ಮುಗಿಯದೆ ಹೊಸತು ಬರುವ ವಿಧಾನವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬ ತಂತ್ರಜ್ಞ ಮುಂದೆ ಅದಕ್ಕಾಗಿ ವಿಷಾದಪಟ್ಟರು. ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ತಾನೇ ಶುರುವಾಗುವುದು, ಎಷ್ಟು ದಿನ ಸತತ ಸಂದೇಶ ಕಳಿಸಿದೆವೆಂದು ಎಣಿಸುವ ‘ಸ್ಟ್ರೀಕ್’, ಇವೆಲ್ಲ ಕೊಡದ ತೂತು ಮುಚ್ಚುವ ಬಿರಡೆಗಳು. ನಿಲ್ಲುವ ಜಾಗಗಳನ್ನೆಲ್ಲ ತೆಗೆದುಹಾಕುವುದೇ ಅವುಗಳ ಕೆಲಸ.

ಖರ್ಚು ಯಾರದು?

ಈ ತಾಣಗಳು ಪುಕ್ಕಟೆ ಎನ್ನುತ್ತೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್‌ಗಳ ಒಡೆತನದ ಮೆಟಾ ಕಂಪನಿಯ 2023ರ ಆದಾಯ ಸುಮಾರು 13,490 ಕೋಟಿ ಡಾಲರು. ಅದರಲ್ಲಿ ಶೇಕಡ 97ಕ್ಕೂ ಹೆಚ್ಚು ಬಂದದ್ದು ಜಾಹೀರಾತಿನಿಂದ. ನಾವು ಕೂತಷ್ಟು ಹೊತ್ತು ಜಾಹೀರಾತು ತೋರಿಸಬಹುದು. ಮಾರಾಟವಾಗುವುದು ನಮ್ಮ ಹೊತ್ತು.

ದಿನಕ್ಕೆ ಒಂದೂವರೆ ಗಂಟೆ ಎಂದರೆ ಹೆಚ್ಚೇನಲ್ಲ ಎನ್ನಿಸುತ್ತದೆ. ವರ್ಷಕ್ಕೆ ಅದು 547 ಗಂಟೆ. ಶಾಲೆಯ ದಿನಕ್ಕೆ 6 ಗಂಟೆಯೆಂದರೆ 91 ಶಾಲಾ ದಿನಗಳು! ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೆಯ ತರಗತಿಗೆ ವರ್ಷಕ್ಕೆ 220 ದಿನಗಳ ಶಾಲೆ ಇರಬೇಕೆನ್ನುತ್ತದೆ. ಆ ಲೆಕ್ಕದಲ್ಲಿ ಇದು ಶಾಲಾ ವರ್ಷದ ಐದರಲ್ಲಿ ಎರಡು ಪಾಲಿಗೂ ಹೆಚ್ಚು. ಕನಕಪುರದ ಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವ ಹುಡುಗಿಗೆ ದಿನದಲ್ಲಿ ಉಳಿಯುವುದೇ ಎರಡು ಮೂರು ಗಂಟೆ. ಅದರಲ್ಲಿ ಒಂದೂವರೆ ಹೋದರೆ ಓದಿಗೆ, ನಿದ್ದೆಗೆ, ಅಮ್ಮನ ಜೊತೆ ಎರಡು ಮಾತಿಗೆ ಉಳಿಯುವುದೆಷ್ಟು?

ಹಾಗೆಂದು ಎಲ್ಲವೂ ಕೆಟ್ಟದ್ದಲ್ಲ. ಚನ್ನಪಟ್ಟಣದ ಗೊಂಬೆ ಮಾಡುವವರು ಇಂದು ತಮ್ಮ ಕೆಲಸವನ್ನು ದೂರದ ಊರಿನವರಿಗೆ ತೋರಿಸಬಹುದು. ಪಾಠ ಅರ್ಥವಾಗದ ಮಗು ಇನ್ನೊಬ್ಬರ ವಿವರಣೆ ಕೇಳಬಹುದು. ಆದರೆ ಆರ್ಕುಟ್ಟೂ ‘ಕೂ’ವೂ ಕಲಿಸಿದ ಒಂದು ಪಾಠವಿದೆ. ಬೇರೆಯವರ ಜಗಲಿ ಎಂದಾದರೂ ಮುಚ್ಚಬಹುದು. ಗಿರಾಕಿಗಳ ವಿಳಾಸ, ಬರೆದ ಬರಹ, ತೆಗೆದ ಚಿತ್ರ ನಮ್ಮದೇ ಪುಸ್ತಕದಲ್ಲಿ, ಕಂಪ್ಯೂಟರಿನಲ್ಲಿ ಒಂದು ಪ್ರತಿ ಇರಬೇಕು.

ಕಾನೂನಿನ ಬೇಲಿ

ಸರ್ಕಾರಗಳೂ ಎಚ್ಚೆತ್ತಿವೆ. ಆಸ್ಟ್ರೇಲಿಯಾ ದೇಶದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ, 18 ವರ್ಷದೊಳಗಿನವರ ವಿವರ ಬಳಸಲು ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕೆಂದಿದೆ. ಮಕ್ಕಳ ನಡವಳಿಕೆಯನ್ನು ಹಿಂಬಾಲಿಸುವುದು, ಅವರಿಗೆಂದೇ ಗುರಿಯಿಟ್ಟು ಜಾಹೀರಾತು ತೋರಿಸುವುದು ಕೂಡದೆಂದಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಚಟ ಕೈಮೀರಿದ ಮನೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ‘ಷಟ್’ ಎಂಬ ಚಿಕಿತ್ಸಾಲಯ ಆರಂಭಿಸಿತು. ರಾಮನಗರದಿಂದ ಅದು ಒಂದು ಬೆಳಗಿನ ಪ್ರಯಾಣದ ದೂರ.

ಆದರೂ ಬೇಲಿ ಎಷ್ಟೇ ಗಟ್ಟಿಯಿದ್ದರೂ ಹೊಲ ಕಾಯುವವರು ಮನೆಯವರೇ. ಬೈದು ಮೊಬೈಲು ಕಸಿದರೆ ಮಗು ಬಚ್ಚಿಟ್ಟುಕೊಂಡು ನೋಡುವುದನ್ನು ಕಲಿಯುತ್ತದೆ. ಅಪ್ಪನೇ ಊಟದ ತಟ್ಟೆಯ ಮುಂದೆ ರೀಲು ನೋಡುತ್ತಿದ್ದರೆ ಮಾತಿಗೆ ಬೆಲೆಯೂ ಇರುವುದಿಲ್ಲ. ಅದಕ್ಕಿಂತ ಮನೆಮಂದಿಯೆಲ್ಲ ಸೇರಿ ಮಾಡಬಹುದಾದ ಒಂದು ಪ್ರಯೋಗವಿದೆ. ಖರ್ಚು ಒಂದು ಹಾಳೆ, ಒಂದು ಪೆನ್ಸಿಲ್.

ಹಾಳೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಕಂಬಸಾಲು ಎಳೆಯಿರಿ. ಒಂದಕ್ಕೆ ‘ನಾನೇ ಹೋದೆ’, ಇನ್ನೊಂದಕ್ಕೆ ‘ಅದು ಕರೆಯಿತು’ ಎಂದು ಹೆಸರಿಡಿ. ಜಾಲತಾಣ ತೆರೆದಾಗಲೆಲ್ಲ ಒಂದು ಗೆರೆ. ಬೇಕಾದ ಕೆಲಸಕ್ಕೆ ತೆರೆದಿದ್ದರೆ ಮೊದಲ ಸಾಲಿಗೆ. ಗಂಟೆ ಸದ್ದಿಗೋ ಕೆಂಪು ಚುಕ್ಕೆಗೋ ಸುಮ್ಮನೆ ಬೇಸರಕ್ಕೋ ತೆರೆದಿದ್ದರೆ ಎರಡನೆಯದಕ್ಕೆ. ಮೂರು ದಿನ ಹೀಗೆ ಮಾಡಿ. ನಾಲ್ಕನೆಯ ದಿನದಿಂದ ಜಾಲತಾಣಗಳ ಸೂಚನೆಗಳನ್ನೆಲ್ಲ ನಿಲ್ಲಿಸಿ, ರಾತ್ರಿ ಎಲ್ಲರ ಮೊಬೈಲುಗಳನ್ನೂ ಅಡುಗೆಮನೆಯ ಗೂಡಿನಲ್ಲಿಡಿ. ಮತ್ತೆ ಮೂರು ದಿನ ಗೆರೆ ಹಾಕಿ. ಏಳನೆಯ ದಿನ ಭಾನುವಾರ ಬರುವಂತೆ ನೋಡಿಕೊಂಡರೆ ಎಲ್ಲರೂ ಕೂತು ಎಣಿಸಬಹುದು.

ಎರಡನೆಯ ಕಂಬಸಾಲಿನಲ್ಲಿ ಯಾರ ಗೆರೆಗಳು ಹೆಚ್ಚಿವೆ ಎಂದು ನೋಡಿದಾಗ ಕೆಲವು ಮನೆಗಳಲ್ಲಿ ಮಕ್ಕಳು ನಗಬಹುದು, ಅಪ್ಪ ಅಮ್ಮ ಹಾಳೆಯನ್ನು ಮಡಿಸಿಡಬಹುದು. ಪರವಾಗಿಲ್ಲ. ಕೊಡ ಸೋರುವುದು ಎಲ್ಲಿಂದ ಎಂದು ಆ ಕಂಪನಿಗಳು ದಿನವೂ ಅಳೆಯುತ್ತಿವೆ. ನಮ್ಮ ಮನೆಯ ಹೊತ್ತು ಎಲ್ಲಿಂದ ಸೋರುತ್ತಿದೆ ಎಂದು ವಾರಕ್ಕೊಮ್ಮೆಯಾದರೂ ನಾವು ಅಳೆದುಕೊಂಡರೆ ತಪ್ಪೇನು?